ಕುದುರೆಯ ಎಡಗಡೆಯವಳು

ಕಾಫಿ ಬೇಕಾ ಎಂದು ತನುಜಾ ಮೂರು ಸಲ ಕೇಳಿದಳು. ಆ ಮನುಷ್ಯ ಮೂರು ಸಲವೂ ತಿರುಗಿ ನೋಡಲಿಲ್ಲ.

ಲಾಯದ ಗೋಡೆಗೆ ಬೆನ್ನು ಒತ್ತಿಕೊಂಡು ಕಲ್ಲುಕಟ್ಟೆಯ ಮೇಲೆ ಕೂತಿದ್ದ. ನಲವತ್ತರ ಹತ್ತಿರದ ವಯಸ್ಸು, ಸಣ್ಣಗೆ ಕತ್ತರಿಸಿದ ಕೂದಲು, ಮಡಿಕೆ ಮುರಿಯದ ಶರ್ಟು. ಕಣ್ಣು ಮಾತ್ರ ಗೇಟಿನ ಮೇಲೆ. ಬೆಳಗ್ಗೆ ಐದಕ್ಕೆ ಎದ್ದು, ಮಗಳಿಗೆ ಡಬ್ಬಿ ಕಟ್ಟಿ, ಅವ್ವನ ಮಂಡಿಗೆ ಎಣ್ಣೆ ತಿಕ್ಕಿ, ಸಾಗರದಿಂದ ಎಂಟು ಕಿಲೋಮೀಟರ್ ಸ್ಕೂಟಿ ಓಡಿಸಿಕೊಂಡು ಬಂದವಳಿಗೆ ಇಂಥ ಗತ್ತನ್ನು ಸಹಿಸುವ ತಾಳ್ಮೆ ಉಳಿದಿರಲಿಲ್ಲ. ಲೋಟ ಎತ್ತಿಕೊಂಡು ಹೋಗಿ ಲಾಯದ ಯಜಮಾನ ಹೂವಪ್ಪನ ಕೈಯಲ್ಲಿಟ್ಟಳು.

"ನಿಮ್ಮ ಹೊಸ ಮಿಲಿಟ್ರಿಯವ್ರಿಗೆ ನನ್ನ ಕೈ ಕಾಫಿ ಸೇರಲ್ಲ ಕಾಣ್ತದೆ, ಹೂವಪ್ಪಣ್ಣ. ನೀವೇ ಕುಡೀರಿ."

ಹೂವಪ್ಪ ಒಂದು ಗುಟುಕು ಹೀರಿ, ಯಾವ ಬದಿಯಿಂದ ಕೇಳಿದೆ ಎಂದು ವಿಚಾರಿಸಿದ. ಎಡಗಡೆಯಿಂದ ಎಂದಳು.

"ಎಡಗಿವಿ ಪೂರ್ತಿ ಹೋಗಿದೆ ಮಾರಾಯ್ತಿ. ಫಿರಂಗಿ ದಳದಲ್ಲಿ ಇದ್ದೋನು. ಬಲಗಿವೀಲೂ ಎದುರು ನಿಂತು ಹೇಳಿದ್ರಷ್ಟೇ ಕೇಳೋದು. ಹೋಗು, ಇನ್ನೊಂದು ಲೋಟ ತಗೊಂಡು ಹೋಗು."

ತನುಜಾಳ ಮುಖ ಬಿಸಿಯಾಯಿತು. ಎರಡನೇ ಲೋಟ ಹಿಡಿದು ಹೋಗಿ ಈ ಸಲ ಬಲಗಡೆ, ಅವನಿಗೆ ಕಾಣುವಂತೆ ನಿಂತಳು. ಅವನು ತಟ್ಟನೆ ಎದ್ದು ನಿಂತು ಎರಡೂ ಕೈಯಲ್ಲಿ ಲೋಟ ತೆಗೆದುಕೊಂಡ. "ಥ್ಯಾಂಕ್ಸ್ ಮೇಡಂ" ಎಂದ. ಲೋಟದ ಅಂಚಿನವರೆಗೆ ತುಂಬಿದ್ದ ಕಾಫಿ ಅವನ ಕೈನಡುಕಕ್ಕೆ ಅಲುಗಾಡಿತು. ಇಬ್ಬರೂ ಅದನ್ನು ನೋಡಿದರು, ನೋಡದವರಂತೆ ಇದ್ದರು.

ಅವನ ಹೆಸರು ತೀರ್ಥೇಶ್. ತೀರ್ಥಹಳ್ಳಿ ಹತ್ತಿರದ ಮೇಳಿಗೆಯವನು. ಹದಿನೇಳು ವರ್ಷ ಸೇನೆಯಲ್ಲಿದ್ದು ಹವಾಲ್ದಾರನಾಗಿ ಹೊರಬಂದಿದ್ದ. ಊರಿಗೆ ಬಂದ ಮೇಲೆ ಏಳು ತಿಂಗಳು ಅಣ್ಣನ ಮನೆಯ ಒಂದೇ ಕೋಣೆಯಲ್ಲಿ ಕೂತಿದ್ದ. ಬಸ್ಸು ಹತ್ತಲಾರ, ಬೆನ್ನ ಹಿಂದೆ ಯಾರಾದರೂ ನಿಂತರೆ ತಡೆಯಲಾರ. ಕೊನೆಗೆ ಅಕ್ಕನೇ ಬಾಡಿಗೆ ಕಾರು ಮಾಡಿಕೊಂಡು ಕೆಳದಿಯ ಪಕ್ಕದ ಈ ಬ್ಯಾಣಕ್ಕೆ ತಂದು ಬಿಟ್ಟಿದ್ದಳು.

ಬ್ಯಾಣವೆಂದರೆ ಹುಲ್ಲು ಬಿಟ್ಟರೆ ಬೇರೇನೂ ಬೆಳೆಯದ ಬಯಲು. ಸೇನೆಯ ಕುದುರೆ ದಳದಲ್ಲಿ ಆಯುಷ್ಯ ಸವೆಸಿ ಬಂದ ಹೂವಪ್ಪ ಅಲ್ಲೊಂದು ಲಾಯ ಕಟ್ಟಿ, ಮೂರು ಕುದುರೆ, ಒಂದು ಹೇಸರಗತ್ತೆ ಸಾಕಿಕೊಂಡಿದ್ದ. ಯುದ್ಧ ಮೈಯಿಂದ ಇಳಿಯದ ಮಾಜಿ ಸೈನಿಕರು ಬಂದು ನಲವತ್ತೈದು ದಿನ ಇರುತ್ತಿದ್ದರು. ಸಗಣಿ ಬಾಚುವುದು, ಕುದುರೆಯ ಮೈ ಉಜ್ಜುವುದು, ನೀರು ಹೊರುವುದು, ಆಮೇಲೆ ಮೆಲ್ಲಗೆ ಸವಾರಿ. ಔಷಧಿ ಅವರ ಡಾಕ್ಟರು ಕೊಟ್ಟದ್ದೇ. ಇಲ್ಲಿ ಅದಕ್ಕೆ ಸೇರುತ್ತಿದ್ದದ್ದು ಒಂದು ದೊಡ್ಡ ಪ್ರಾಣಿಯ ಉಸಿರು ಮಾತ್ರ. ತನುಜಾ ಅಡುಗೆಗೆಂದು ಬಂದವಳು. ಚಂದ್ರಿ ಎಂಬ ಕಂದು ಹೆಣ್ಣುಕುದುರೆ ಇವಳ ಸೆರಗಿನ ಬೆಲ್ಲಕ್ಕಾಗಿ ಹಿಂದೆ ಹಿಂದೆ ಸುತ್ತತೊಡಗಿದ ಮೇಲೆ ಹೂವಪ್ಪ ಹಗ್ಗವನ್ನೇ ಇವಳ ಕೈಗೆ ಕೊಟ್ಟಿದ್ದ. ಮೊದಲ ದಿನಗಳಲ್ಲಿ ಸವಾರನಿಗೆ ಲಗಾಮು ಇಲ್ಲ. ಅವನು ಸುಮ್ಮನೆ ಮೇಲೆ ಕೂರಬೇಕು, ಇವಳು ಹಗ್ಗ ಹಿಡಿದು ನಡೆಸಬೇಕು.

ನಡೆಯುವುದು ಕುದುರೆಯ ಎಡಗಡೆಯಲ್ಲೇ. ಅದು ಹೂವಪ್ಪನ ಕಟ್ಟುನಿಟ್ಟು. ಹಿಂದಿನವರ ಸೊಂಟದಲ್ಲಿ ಕತ್ತಿ ಎಡಕ್ಕೆ ತೂಗುತ್ತಿತ್ತಂತೆ, ಅದಕ್ಕೇ ಎಡದಿಂದ ಹತ್ತುವುದು, ಎಡದಿಂದ ಇಳಿಯುವುದು, ಎಡದಿಂದ ಹಗ್ಗ. ಕತ್ತಿ ಹೋಗಿ ಎಷ್ಟೋ ಕಾಲವಾಗಿದೆ, ಹೂವಪ್ಪನ ಮಟ್ಟಿಗೆ ಮಾತ್ರ ಇನ್ನೂ ತೂಗುತ್ತಿತ್ತು.

ಹಾಗಾಗಿ ತನುಜಾ ದಿನವೂ ಒಂದು ಗಂಟೆ ತೀರ್ಥೇಶನ ಕೇಳದ ಕಿವಿಯ ಬದಿಯಲ್ಲೇ ನಡೆದಳು.

ಮೊದಲ ಸಲ ಜೀನಿನ ಮೇಲೆ ಕೂತಾಗ ಅವನ ಬೆರಳು ಬಿಳಿಚಿಕೊಂಡಿದ್ದವು. ಶಿವಮೊಗ್ಗದಲ್ಲಿ ಮದುವೆ ದಿಬ್ಬಣಗಳಿಗೆ ವರರನ್ನು ಹೊತ್ತು ಸಾಕಾಗಿದ್ದ ಕುದುರೆ ಚಂದ್ರಿ. ಹೂವಪ್ಪ ಎದುರಿಗೆ ಬಂದು, "ಹೆದ್ರಬೇಡ ಹವಾಲ್ದಾರ. ಇವಳ ಬೆನ್ನ ಮೇಲೆ ಕೂತೋರೆಲ್ಲ ಮದುವೆ ಆಗೇ ಮನೆಗೆ ಹೋಗಿದ್ದು" ಎಂದ. ತೀರ್ಥೇಶ್ ನಕ್ಕ. ನಗು ಎಂದರೆ ಬಾಯಿಯ ಒಂದು ತುದಿ ಮೇಲೆದ್ದು, ಎಲ್ಲಿಗೆ ಹೋಗಬೇಕೆಂದು ಗೊತ್ತಾಗದೆ ಅಲ್ಲೇ ನಿಂತಿತು. ತನುಜಾ ತಲೆ ಎತ್ತಿ ನೋಡಿದವಳು ಬೇಗ ತಗ್ಗಿಸಿಕೊಂಡಳು. ಮೂವತ್ತಾರು ವರ್ಷದ ಹೆಂಗಸು, ವಿಚ್ಛೇದನದ ಕಾಗದಕ್ಕೆ ಸಹಿ ಬಿದ್ದು ಐದು ವರ್ಷ. ಒಂದು ಅರ್ಧ ನಗುವಿಗೆ ಹೀಗೆ ತಲೆ ತಗ್ಗಿಸುವುದು ಯಾವ ಲೆಕ್ಕ?

ಒಂದು ಗಂಟೆ ಸುಮ್ಮನೆ ನಡೆಯುವುದು ಅವಳ ಜಾಯಮಾನವಲ್ಲ. ಚಂದ್ರಿಯೊಂದಿಗೆ ಪಿಸುಮಾತಿನಲ್ಲಿ ಹರಟತೊಡಗಿದಳು. ಗ್ಯಾಸ್ ಸಿಲಿಂಡರ್ ಬರದೆ ವಾರವಾಯಿತು, ಅವ್ವ ಮಾತ್ರೆ ನುಂಗುವುದಿಲ್ಲ, ಮಗಳು ಆಶಾ ಗಣಿತದಲ್ಲಿ ಮುಗ್ಗರಿಸಿ ಅದನ್ನು ಮುಚ್ಚಿಟ್ಟಳು. ಮನೆಯಲ್ಲಿ ಹೇಳಿದರೆ ಯಾರಿಗಾದರೂ ನೋವಾಗುವ ಮಾತುಗಳನ್ನೆಲ್ಲ ಈ ಬಯಲಿನಲ್ಲಿ ಇಳಿಸಿಟ್ಟು ಹಗುರಾಗುತ್ತಿದ್ದಳು. ಮೇಲೆ ಕೂತವನಿಗೆ ಕೇಳುವುದಿಲ್ಲವಲ್ಲ.

ಎರಡನೇ ವಾರದಲ್ಲಿ ಆ ಮಾತಿನೊಳಗೆ ಅವನೂ ಬರತೊಡಗಿದ. "ಇವತ್ತು ಕೈ ನಡುಗಲಿಲ್ಲ ನೋಡಿದ್ಯಾ, ಚಂದ್ರಿ?" "ಯಾರಿಗೆ ತೋರಿಸಕ್ಕೆ ಇಷ್ಟು ಇಸ್ತ್ರಿ?" ಹೀಗೆ.

ಗೋಜಲು ಶುರುವಾದದ್ದು ಸ್ಕೂಟಿಯ ಸ್ಟ್ಯಾಂಡಿನಿಂದ. ಮುರಿದ ಸ್ಟ್ಯಾಂಡಿಗೆ ವೆಲ್ಡಿಂಗ್ ಹಾಕಿಸಲು ಪುರುಸೊತ್ತಿಲ್ಲ ಎಂದು ಒಂದು ಬೆಳಗ್ಗೆ ಚಂದ್ರಿಯ ಹತ್ತಿರ ಗೊಣಗಿದ್ದಳು. ಸಂಜೆ ಹೊರಡುವಾಗ ನೋಡಿದರೆ ಗಾಡಿ ತನ್ನ ಕಾಲ ಮೇಲೆ ತಾನೇ ನಿಂತಿತ್ತು. ಯಾರು ಮಾಡಿದ್ದೆಂದು ಕೇಳಿದ್ದಕ್ಕೆ ಹೂವಪ್ಪ ಗಲ್ಲದಿಂದ ತೀರ್ಥೇಶನ ಕೋಣೆಯ ಕಡೆ ತೋರಿಸಿದ. ಹೋಗಲಿ, ಕಾಕತಾಳೀಯ ಎಂದುಕೊಂಡಳು. ನಾಲ್ಕು ದಿನ ಬಿಟ್ಟು, ಬೆಳಗ್ಗಿನಿಂದ ಹೊಟ್ಟೆಗೆ ಏನೂ ಬಿದ್ದಿಲ್ಲ ಕಣೆ ಎಂದು ಕುದುರೆಗೆ ಹೇಳಿದಳು. ತಿಂಡಿಯ ಹೊತ್ತಿಗೆ ತೀರ್ಥೇಶ್ ತನ್ನ ತಟ್ಟೆಯ ನಾಲ್ಕು ಕಡುಬಿನಲ್ಲಿ ಎರಡನ್ನು ಬೇರೆ ತಟ್ಟೆಗೆ ಹಾಕಿ, ಮಾತಿಲ್ಲದೆ ಇವಳ ಕಡೆ ಸರಿಸಿದ.

ತನುಜಾ ಆ ತಟ್ಟೆಯನ್ನೂ ಅವನ ಎಡಗಿವಿಯನ್ನೂ ನೋಡಿದಳು. ಇವನಿಗೆ ಕೇಳುತ್ತದಾ?

ಮರುದಿನ ಪರೀಕ್ಷೆ ಮಾಡಿದಳು. ಹಗ್ಗ ಹಿಡಿದು ನಡೆಯುತ್ತಾ, ಈ ಮನುಷ್ಯನ ಮೂಗು ಹೇಸರಗತ್ತೆಯ ಮೂಗಿನ ಹಾಗಿದೆ ಎಂದಳು. ಅವನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಕೇಳುವುದಿಲ್ಲ ಎಂದು ಸಮಾಧಾನವಾಯಿತು. ಕೇಳಿಯೂ ಸುಮ್ಮನಿರುವ ಕಳ್ಳನಿರಬಹುದೇ ಎಂದು ಸಮಾಧಾನ ಹೋಯಿತು. ಕೇಳಬೇಕೆಂಬ ಆಸೆ ತನಗೇ ಇದೆಯೇ ಎಂದು ಕೇಳಿಕೊಂಡಾಗ ತಲೆ ಪೂರ್ತಿ ಕೆಟ್ಟಿತು.

ಭಯಕ್ಕೆ ಕಾರಣವಿತ್ತು. ಹಿಂದಿನ ವರ್ಷ ಹಾಸನದ ಕಡೆಯ ಸುಬೇದಾರರೊಬ್ಬರು ಇಲ್ಲಿಂದ ಹೋದ ಮೇಲೆ ಒಂದು ತಿಂಗಳು ಬೆಳಗ್ಗೆ ಸಂಜೆ ವಾಟ್ಸಾಪಿನಲ್ಲಿ ನೀನಿಲ್ಲದೆ ಬದುಕಿಲ್ಲ ಎಂದು ಬರೆದಿದ್ದರು. ಎರಡನೇ ತಿಂಗಳು ಸಂದೇಶ ನಿಂತಿತು. ಐದನೇ ತಿಂಗಳು ಅವರ ಮದುವೆಯ ಕರೆಯೋಲೆ ಬಂತು. ಆಗ ತನುಜಾ ನಕ್ಕಿದ್ದಳು, ಅವಳ ಮನಸ್ಸೇನೂ ಅಲ್ಲಿ ಇರಲಿಲ್ಲ. ಹೂವಪ್ಪ ಮಾತ್ರ ನಗದೆ ಹೇಳಿದ್ದ: "ಮುಳುಗೋನಿಗೆ ಹಗ್ಗ ಕೊಟ್ಟೋರ ಮೇಲೆ ಮನಸ್ಸು ಬರ್ತದೆ ತಂಗಿ. ದಡ ಹತ್ತಿದ ಮೇಲೆ ಹಗ್ಗ ಯಾರಿಗೆ ಬೇಕು? ತಪ್ಪು ಅವರದ್ದಲ್ಲ. ನೀ ಹುಷಾರಾಗಿರು, ಅಷ್ಟೇ."

ಈಗ ಆ ಹುಷಾರು ಎಲ್ಲಿ ಹೋಯಿತು? ಮೂವತ್ತನೇ ದಿನ, ಲಗಾಮು ಕೈಗೆ ಬಂದಿದ್ದರೂ ತೀರ್ಥೇಶ್ ಹಗ್ಗ ಇರಲಿ ಎಂದು ಕೇಳಿಕೊಂಡ. ಎಳೆಬಿಸಿಲು ಹುಲ್ಲಿನ ಮೇಲೆ ಹಾಸಿತ್ತು. ಅವನ ನೆರಳು, ಕುದುರೆಯ ನೆರಳು, ಇವಳ ನೆರಳು ಒಂದರೊಳಗೊಂದು ಸಿಕ್ಕಿಕೊಂಡು ಯಾರದ್ದು ಯಾವುದೆಂದು ತಿಳಿಯದಂತಿದ್ದವು. ತನುಜಾ ಚಂದ್ರಿಯ ಕುತ್ತಿಗೆಗೆ ಕೆನ್ನೆ ಹತ್ತಿರ ತಂದು ಹೇಳಿಯೇಬಿಟ್ಟಳು.

"ಇನ್ನು ಹದಿನೈದು ದಿನಕ್ಕೆ ಹೋಗ್ತಾರಲ್ಲೇ. ನಂಗೆ ಇವ್ರು ಬೇಕು ಕಣೆ. ಎಂತ ಮಾಡ್ಲಿ?"

ಚಂದ್ರಿಯ ಎಡಗಿವಿ ಇವಳ ಕಡೆ ತಿರುಗಿತು. ಮೇಲೆ ಕೂತವನು ಮುಂದಕ್ಕೇ ನೋಡುತ್ತಿದ್ದ.

ಮರುದಿನ ಬೆಳಗ್ಗೆ ಅವಳು ಹಗ್ಗ ತೆಗೆದುಕೊಳ್ಳಲು ಹೋದಾಗ ಹೂವಪ್ಪ ಅದನ್ನು ತನ್ನ ತೋಳಿಗೆ ಸುತ್ತಿಕೊಂಡು ನಿಂತಿದ್ದ. ಹಗ್ಗ ಹಿಡಿಯಲು ಬೇರೆಯವರಿದ್ದರೆ ಒಳ್ಳೆಯದೆಂದು ತೀರ್ಥೇಶ್ ಕೇಳಿಕೊಂಡನಂತೆ. ಯಾಕೆಂದು ಹೂವಪ್ಪ ವಿಚಾರಿಸಿರಲಿಲ್ಲ. ಸೇನೆಯವನು ಇನ್ನೊಬ್ಬ ಸೇನೆಯವನನ್ನು ಯಾಕೆ ಎಂದು ಕೇಳುವ ಪದ್ಧತಿಯಿಲ್ಲ. ಇವತ್ತು ಸವಾರಿ ಬೇಡ, ನಾಳೆಯಿಂದ ತಾನೇ ಹಿಡಿಯುತ್ತೇನೆ ಎಂದ.

ಸರಿ, ಗೊತ್ತಾಯಿತು ಎಂದು ತನುಜಾ ಅಡುಗೆಮನೆಗೆ ಹೋದಳು. ಕೇಳಿಸಿದೆ. ಎಲ್ಲ ಕೇಳಿಸಿದೆ. ಗ್ಯಾಸ್ ಸಿಲಿಂಡರಿನಿಂದ ಹಿಡಿದು ನಿನ್ನೆಯ ಮಾತಿನವರೆಗೆ. ಕೇಳಿಸಿಕೊಂಡು ಮರ್ಯಾದೆಯಿಂದ ದೂರ ಸರಿದಿದ್ದಾನೆ. ಅಕ್ಕಿಹಿಟ್ಟು ಕಲಸುವಾಗ ನೀರು ಹೆಚ್ಚಾಯಿತು, ಹಿಟ್ಟು ಸೇರಿಸಿದಳು, ಗಟ್ಟಿಯಾಯಿತು, ಮತ್ತೆ ನೀರು. ಮೂರು ಜನಕ್ಕೆ ಬೇಕಾದ ಹಿಟ್ಟು ಹತ್ತು ಜನಕ್ಕಾಗುವಷ್ಟು ಉಬ್ಬಿತು.

ಬಾಗಿಲಲ್ಲಿ ನೆರಳಾಯಿತು. ತೀರ್ಥೇಶ್ ಒಳಬಂದು, ಒಲೆ ದಾಟಿ, ಅವಳ ಎದುರಿಗೇ ನಿಂತ. ಅವನ ಬೆನ್ನು ಬಾಗಿಲ ಕಡೆಗಿತ್ತು. ಗೋಡೆಗೆ ಬೆನ್ನು ಕೊಡದೆ ಅವನು ನಿಂತದ್ದನ್ನು ಅವಳು ಇದೇ ಮೊದಲು ನೋಡಿದ್ದು. ಆದರೆ ಆ ಹೊತ್ತಿನಲ್ಲಿ ಅದು ಅವಳ ತಲೆಗೆ ಹೋಗಲಿಲ್ಲ.

"ನಾಳೆಯಿಂದ ಹೂವಪ್ಪಣ್ಣ ಹಗ್ಗ ಹಿಡೀತಾರೆ" ಎಂದ.

"ಗೊತ್ತಾಯ್ತು."

"ನೀವೂ ಬರ್ಬೇಕು."

"ನಾನೆಂತಕ್ಕೆ?"

"ಬಲಗಡೆ ನಡೀಲಿಕ್ಕೆ."

ತನುಜಾ ಹಿಟ್ಟಿನ ಕೈ ಹಾಗೇ ಹಿಡಿದು ನೋಡಿದಳು. ಅವನು ಕಣ್ಣು ತಪ್ಪಿಸಿ ಒಲೆಯ ಮೇಲಿನ ಹಂಚನ್ನು ನೋಡುತ್ತಾ, ವರದಿ ಒಪ್ಪಿಸುವವನಂತೆ ಹೇಳಿ ಮುಗಿಸಿದ. ಅವಳನ್ನು ಬಲಗಡೆಯಿಂದ ಹಗ್ಗ ಹಿಡಿಯಲು ಬಿಡಿ ಎಂದು ಮೊದಲು ಕೇಳಿದ್ದ. ಸಾವಿರ ವರ್ಷದಲ್ಲಿ ಯಾರೂ ಹಾಗೆ ಮಾಡಿಲ್ಲ ಎಂದು ಹೂವಪ್ಪ ಬೈದ. ಹಗ್ಗ ಎಡದಲ್ಲೇ ಇರಬೇಕಾದರೆ ಹಿಡಿಯುವವರೇ ಬೇರೆಯಾಗಲಿ, ಅವಳು ಕೇಳುವ ಕಿವಿಯ ಬದಿಗೆ ಬರಲಿ ಎಂದು ಇವನು ಲೆಕ್ಕ ಹಾಕಿದ್ದ.

"ನಿಮಗೆ... ನಾ ಮಾತಾಡೋದು ಕೇಳ್ತಿತ್ತಾ?"

"ಒಂದಕ್ಷರ ಕೇಳಿಲ್ಲ. ಕುದುರೆ ಕಿವಿ ನೋಡ್ತಿದ್ದೆ. ನೀವು ಮಾತಾಡಿದಾಗೆಲ್ಲ ಅದರ ಎಡಗಿವಿ ನಿಮ್ಮ ಕಡೆ ತಿರುಗ್ತದೆ. ಒಂದು ಗಂಟೇಲಿ ಮುಂದಕ್ಕೆ ತಿರುಗಿದ್ದು ನಾಲ್ಕು ಸಲ ಇರಬಹುದು." ಮತ್ತೆ ಹಂಚಿನ ಕಡೆ ನೋಡಿ, "ನಂಗೆ ಕುದುರೆ ಮೇಲೆ ಹೊಟ್ಟೆಕಿಚ್ಚು ಬಂತು" ಎಂದ.

"ಮತ್ತೆ ಸ್ಕೂಟಿ ಸ್ಟ್ಯಾಂಡು?"

"ಮೂರು ದಿನ ಗೋಡೆಗೆ ಒರಗಿಸಿ ಇಟ್ಟಿದ್ರಿ. ಕಣ್ಣು ಸರಿ ಇದೆ ನಂಗೆ."

"ಕಡುಬು?"

"ನಿಮ್ಮ ಕೈ ನಡುಗ್ತಿತ್ತು. ಹೆದರಿದೋರ ಕೈ ನಡುಗೋದು ಬೇರೆ, ಹಸಿದೋರ ಕೈ ನಡುಗೋದು ಬೇರೆ. ನಂಗೆ ಎರಡೂ ಗೊತ್ತು."

ತನುಜಾ ನಗಬೇಕೋ ಅಳಬೇಕೋ ತಿಳಿಯದೆ ಹಿಟ್ಟಿನ ಗುಡ್ಡದ ಕಡೆ ತಿರುಗಿದಳು. ಮಾನ ಉಳಿಯಿತು, ಅವನಿಗೆ ಏನೂ ಕೇಳಿಲ್ಲ. ಹಾಗಾದರೆ ಆ ಮಾತನ್ನು ಹೇಳಿಯೂ ಹೇಳದಂತಾಯಿತು. ಇಷ್ಟು ಹೊತ್ತು ಕೇಳಿಸಿತೆಂದು ಸಾಯುತ್ತಿದ್ದವಳಿಗೆ ಈಗ ಕೇಳಿಸಲಿಲ್ಲವೆಂದು ಬೇಸರ. ಇದಕ್ಕೆ ಯಾವ ವೈದ್ಯನಲ್ಲಿ ಮದ್ದಿದೆ?

ಮರುದಿನ ಹೂವಪ್ಪ ಎಡಗಡೆ, ತನುಜಾ ಬಲಗಡೆ, ನಡುವೆ ಚಂದ್ರಿ. ಹೂವಪ್ಪ ಆ ಒಂದು ಗಂಟೆ ಎರಡೂ ಕಿವಿ ಇಲ್ಲದವನಂತೆ ನಡೆದ. ತೀರ್ಥೇಶ್ ಜೀನಿನ ಮೇಲಿಂದ ಸ್ವಲ್ಪ ಬಾಗಿ ಕಾಯುತ್ತಿದ್ದ. ತಿಂಗಳಿಡೀ ನಿಲ್ಲದೆ ಆಡಿದ ನಾಲಗೆ ಈಗ ಏಳಲಿಲ್ಲ. ಅರ್ಧ ಸುತ್ತು ಹೋದ ಮೇಲೆ ಗ್ಯಾಸ್ ಸಿಲಿಂಡರಿನಿಂದ ಶುರುಮಾಡಿದಳು. ಅವ್ವನ ಮಂಡಿ, ಆಶಾಳ ಗಣಿತ, ಎಲ್ಲ ಬಂತು. ಅವನು ಒಂದೊಂದಕ್ಕೂ ತಲೆಯಾಡಿಸಿ ಕೇಳಿದ, ಗಣಿತ ತಾನು ಹೇಳಿಕೊಡಬಲ್ಲೆ ಎಂದ, ಗುಂಡು ಎಷ್ಟು ದೂರ ಬೀಳುತ್ತದೆಂದು ಹದಿನೇಳು ವರ್ಷ ಲೆಕ್ಕ ಹಾಕಿದವನಲ್ಲವೇ ಎಂದ.

"ಇಷ್ಟೇನಾ?" ಎಂದು ಕೇಳಿದ.

"ಇನ್ನೊಂದಿದೆ. ಅದನ್ನ ಚಂದ್ರಿಗೆ ಮಾತ್ರ ಹೇಳೋದು."

ಅವನು ಒತ್ತಾಯಿಸಲಿಲ್ಲ. ನಾಸಿಕ್‌ನಲ್ಲಿ ಹಳೆಯ ಆಫೀಸರೊಬ್ಬರು ಗೋದಾಮಿನ ಕಾವಲಿನ ಕೆಲಸ ಕೊಡಿಸಿದ್ದಾರೆ, ಇನ್ನೊಂದು ತಿಂಗಳೊಳಗೆ ಉತ್ತರ ಹೇಳಬೇಕು ಎಂದ. ಹೋಗಬೇಕೋ ಬೇಡವೋ ತಿಳಿಯುತ್ತಿಲ್ಲ ಎನ್ನುವಾಗ ಅವನ ಕಣ್ಣು ಮೊದಲ ಸಲ ಅವಳ ಮುಖದಿಂದ ಕದಲಲಿಲ್ಲ. ತನುಜಾಳಿಗೆ ಹಾಸನದ ಸುಬೇದಾರರು ನೆನಪಾದರು. ಆ ಕಥೆಯನ್ನು ಹೇಳಿದಳು, ಕರೆಯೋಲೆಯ ಸಮೇತ. ಹೂವಪ್ಪನ ಎಚ್ಚರಿಕೆಯನ್ನೂ ಮುಚ್ಚಿಡಲಿಲ್ಲ. ಎಡಗಡೆಯಲ್ಲಿ ಹೂವಪ್ಪ ಕೆಮ್ಮಿದ.

ತೀರ್ಥೇಶ್ ಲಗಾಮು ಎಳೆದು ಚಂದ್ರಿಯನ್ನು ನಿಲ್ಲಿಸಿದ.

"ನಂಗೂ ಗೊತ್ತಿಲ್ಲ. ಸುಳ್ಳು ಹೇಳಲ್ಲ. ರಾತ್ರಿ ನಿದ್ದೆ ಬಂದಿದ್ದು ಕುದುರೆಯಿಂದ, ಅದು ನಿಜ. ಬೆಳಗ್ಗೆ ಏಳಬೇಕು ಅನ್ಸಿದ್ದು ಬೇರೆ ಕಾರಣಕ್ಕೆ ಅಂತ ನಾ ಅಂದ್ಕೊಂಡಿದೀನಿ. ಎರಡನ್ನೂ ಬೇರೆ ಮಾಡಿ ನೋಡೋದು ಹೆಂಗೆ?"

"ಮನೆಗೆ ಹೋಗಿ" ಎಂದಳು ತನುಜಾ. ಧ್ವನಿ ಗಟ್ಟಿಯಾಗಿತ್ತು, ಕೈ ಮಾತ್ರ ಚಂದ್ರಿಯ ಕೇಸರವನ್ನು ಹಿಡಿದುಕೊಂಡಿತ್ತು. "ಇಲ್ಲಿ ದಿನ ಮುಗಿಸಿ ಹದಿನೈದು ದಿನ ಮೇಳಿಗೇಲಿ ಇರಿ. ಕುದುರೆ ಇಲ್ದೆ, ನಾ ಇಲ್ದೆ. ಫೋನೂ ಬೇಡ. ನಾಸಿಕ್ ಅನ್ಸಿದ್ರೆ ನಾಸಿಕ್. ನಾ ಬೇಜಾರು ಮಾಡ್ಕೊಳಲ್ಲ."

ಬೇಜಾರು ಮಾಡಿಕೊಳ್ಳುತ್ತೇನೆಂದು ಅವಳಿಗೆ ಗೊತ್ತಿತ್ತು. ಅವನಿಗೂ ಗೊತ್ತಿತ್ತೆಂದು ಕಾಣುತ್ತದೆ. ಆ ಅರ್ಧ ನಗು ಬಂದು ನಿಂತಿತು.

ನಲವತ್ತೈದನೇ ದಿನ ಅಕ್ಕನ ಬಾಡಿಗೆ ಕಾರು ಬಂದು ಕರೆದುಕೊಂಡು ಹೋಯಿತು. ತನುಜಾ ಗೇಟಿನವರೆಗೆ ಹೋಗಲಿಲ್ಲ, ಪಾತ್ರೆ ತೊಳೆಯುವ ನೆಪವಿತ್ತು.

ಆಮೇಲಿನ ದಿನಗಳನ್ನು ಏನೆಂದು ಹೇಳುವುದು? ಹೊಸದಾಗಿ ಬಂದ ಗದಗಿನ ಸಿಪಾಯಿಯೊಬ್ಬನನ್ನು ಕೂರಿಸಿಕೊಂಡು ನಡೆಸುವಾಗ ಚಂದ್ರಿಯ ಎಡಗಿವಿ ಅಭ್ಯಾಸಬಲದಿಂದ ಇವಳ ಕಡೆ ತಿರುಗುತ್ತಿತ್ತು. ಇವಳ ಬಳಿ ಮಾತೇ ಇರುತ್ತಿರಲಿಲ್ಲ. ಕಳಿಸಿದ್ದು ಸರಿಯೆಂದು ಬೆಳಗ್ಗೆ ಅನ್ನಿಸುತ್ತಿತ್ತು, ತಪ್ಪೆಂದು ಮಧ್ಯಾಹ್ನ. ಅವನಿಗೆ ವಾಸಿಯಾಗಲಿ ಎಂದು ಹಾರೈಸುವಳು. ಪೂರ್ತಿ ವಾಸಿಯಾದರೆ ತನ್ನನ್ನು ಮರೆತಾನು ಎಂದು ಹೆದರುವಳು. ಇಂಥ ಹಾರೈಕೆಯೂ ಹಾರೈಕೆಯೇ ಎಂದು ತನ್ನನ್ನೇ ಬೈದುಕೊಳ್ಳುವಳು. ಫೋನು ಬೇಡವೆಂದವಳೇ ದಿನಕ್ಕೆ ಇಪ್ಪತ್ತು ಸಲ ಫೋನು ನೋಡಿದಳು.

ಹನ್ನೊಂದನೇ ದಿನ ಭಾನುವಾರ. ಆಶಾ ಗೆಳತಿಯ ಮನೆಗೆ ಹೋಗಿದ್ದಳು. ಸಾಗರದ ಮನೆಯ ಹಿತ್ತಲಲ್ಲಿ ತನುಜಾ ತಲೆಗೆ ಎಣ್ಣೆ ಮೆತ್ತಿಕೊಂಡು, ಹಳೆಯ ನೈಟಿಯನ್ನು ಎತ್ತಿ ಕಟ್ಟಿ ಕಂಬಳಿ ಒಗೆಯುತ್ತಿದ್ದಳು. ನೀರು ಕುಡಿದು ಭಾರವಾದ ಕಂಬಳಿಯನ್ನು ಒಬ್ಬಳೇ ಹಿಂಡಲಾಗದೆ, ಒಂದು ತುದಿಯನ್ನು ಪೇರಲೆ ಮರದ ಕೊಂಬೆಗೆ ಸಿಕ್ಕಿಸಲು ನೋಡುತ್ತಿದ್ದಾಗ ಆ ತುದಿ ಕೈಯಿಂದ ಹಗುರಾಗಿ ಮೇಲೆದ್ದಿತು.

ತೀರ್ಥೇಶ್ ಹಿಡಿದುಕೊಂಡಿದ್ದ. ಶರ್ಟು ಮುದುರಿಹೋಗಿತ್ತು. ಹಣೆಯಲ್ಲಿ ಬೆವರು.

"ಇನ್ನೂ ನಾಲ್ಕು ದಿನ ಇತ್ತು" ಎಂದಳು. ಬಾಯಿಗೆ ಬಂದದ್ದು ಅದೊಂದೇ.

"ನಾಲ್ಕನೇ ದಿನಕ್ಕೇ ಗೊತ್ತಾಗಿತ್ತು. ಬಸ್ ಹತ್ತೋ ಧೈರ್ಯ ಬರಕ್ಕೆ ಇನ್ನೊಂದು ವಾರ ಬೇಕಾಯ್ತು."

"ಬಸ್ಸಲ್ಲಿ ಬಂದ್ರಾ?"

ಮೇಳಿಗೆಯಿಂದ ತೀರ್ಥಹಳ್ಳಿ, ಅಲ್ಲಿಂದ ಹೊಸನಗರ, ಅಲ್ಲಿಂದ ಸಾಗರ. ಮೂರು ಬಸ್ಸು. ಮನೆಯ ದಾರಿ ಹೂವಪ್ಪ ಹೇಳಿದ್ದನಂತೆ. ಎರಡನೆಯದರಲ್ಲಿ ಹಿಂದೆ ಮಗುವೊಂದು ಪೀಪಿ ಊದುತ್ತಿತ್ತಂತೆ. ಇಳಿದುಬಿಡೋಣವೆಂದು ಎದ್ದವನು ಮತ್ತೆ ಕೂತನಂತೆ. ನಾಸಿಕ್‌ಗೆ ಬರುವುದಿಲ್ಲ ಎಂದು ಹೇಳಿಯಾಗಿತ್ತು. ಹೊಸನಗರದಲ್ಲಿ ಬಸ್ಸು ಬದಲಿಸುವಾಗ ಪಂಪ್‌ಸೆಟ್ ರಿಪೇರಿ ಅಂಗಡಿಯವನನ್ನು ಕೆಲಸ ಕೇಳಿದ್ದ, ಅವನು ಗುರುವಾರ ಬಾ ಎಂದಿದ್ದ. ಇದನ್ನೆಲ್ಲ ಹೇಳುತ್ತಾ ಅವನು ಕಂಬಳಿಯನ್ನು ತಿರುಚುತ್ತಿದ್ದ. ಅವಳೂ ಈ ತುದಿಯಿಂದ ತಿರುಚುತ್ತಿದ್ದಳು. ನೀರು ಧಾರಾಕಾರವಾಗಿ ಇಬ್ಬರ ಪಾದದ ಮೇಲೆ ಸುರಿಯುತ್ತಿತ್ತು.

"ಕುದುರೆ ನೆನಪಾಗ್ಲಿಲ್ವಾ?"

"ಆಯ್ತು. ಅದರ ಹತ್ರ ನಾಳೆ ಹೋಗ್ಬಹುದು ಅನ್ನಿಸ್ತು."

ಒಳಗಿಂದ ಅವ್ವ ಕೆರಿಯಮ್ಮನ ಧ್ವನಿ ಬಂತು. ಮಂಡಿನೋವಿನ ಅವ್ವ ಎದ್ದು ಬರಲಾರಳು, ಆದರೆ ಹಿತ್ತಲಿನ ಗಂಡುಧ್ವನಿ ಅವಳ ಕಿವಿ ತಪ್ಪಿಸಲಾರದು.

"ತನುಜಾ, ಯಾರೇ ಅದು?"

ಪಕ್ಕದ ಮನೆಯವರು, ಗ್ಯಾಸಿನವನು, ಲಾಯದವರು. ಹೇಳಲು ಎಷ್ಟೋ ಉತ್ತರಗಳಿದ್ದವು. ತನುಜಾ ತೀರ್ಥೇಶನ ಮುಖ ನೋಡಿದಳು. ಪ್ರಶ್ನೆ ಕೇಳಿಸಿತೋ ಇಲ್ಲವೋ, ಅವನೂ ಉತ್ತರಕ್ಕೆ ಕಾಯುತ್ತಿದ್ದ. ಇಷ್ಟು ದಿನ ತಲೆಯೊಳಗೆ ಸುತ್ತಿ ಸುತ್ತಿ ಅವಳನ್ನು ಸುಸ್ತು ಮಾಡಿದ್ದೆಲ್ಲ ಯಾಕೋ ಆ ಕ್ಷಣಕ್ಕೆ ಸುಮ್ಮನಾಯಿತು.

"ಮೇಳಿಗೆಯವ್ರು, ಅವ್ವ" ಎಂದಳು, ಒಳಕೋಣೆಗೂ ಕೇಳುವಷ್ಟು ಗಟ್ಟಿಯಾಗಿ. "ನಾ ಮದುವೆ ಆಗಬೇಕು ಅಂದ್ಕೊಂಡಿರೋರು."

ತೀರ್ಥೇಶನ ಕೈಯಿಂದ ಕಂಬಳಿಯ ತುದಿ ಜಾರಿ ಮಣ್ಣಿಗೆ ಬಿತ್ತು. ಈಗಷ್ಟೇ ಒಗೆದ ಕಂಬಳಿ. ಅವಳು ಬೈಯಲಿಲ್ಲ. ಅವನ ನಗು ಈ ಸಲ ಬಾಯಿಯ ಇನ್ನೊಂದು ತುದಿಯನ್ನೂ ತಲುಪಿತ್ತು.

ಒಳಗೆ ಮಂಚ ಕಿರುಗುಟ್ಟಿತು. ಆಮೇಲೆ ಕೆರಿಯಮ್ಮ ಹೇಳಿದಳು:

"ಮತ್ತೆ ಅವ್ರನ್ನ ಬಿಸಿಲಲ್ಲಿ ನಿಲ್ಲಿಸ್ಕೊಂಡು ಎಂತ ಮಾಡ್ತಿದ್ದೀ? ಒಳಗೆ ಕರ್ಕೊಂಡು ಬಾ, ನಾನೂ ಮುಖ ನೋಡ್ತೀನಿ."